ಆರು ಮೀಟರಿನಲ್ಲಿ ಏನೇನು ಹಿಡಿಸಬೇಕು: ಬೆಂಗಳೂರಿನ ವಾಣಿಜ್ಯ ಕಟ್ಟಡದ ಸೈಟ್ ಪ್ಲ್ಯಾನ್ ಪರಿಶೀಲನೆ

ವಾಣಿಜ್ಯ ಕಟ್ಟಡದ ನಕ್ಷೆಗಳ ಕಟ್ಟು ಬಿಚ್ಚಿದರೆ ಒಂದೊಂದು ಹಾಳೆಯೂ ತನ್ನ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆರ್ಕಿಟೆಕ್ಟ್ ಹಾಳೆಯಲ್ಲಿ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಕಟ್ಟಡದವರೆಗೆ ಬಿಡಬೇಕಾದ ತೆರವು, ಸರಿ. ಫೈರ್ ಹಾಳೆಯಲ್ಲಿ ಫೈರ್ ಎಂಜಿನ್ನಿನ ಆರು ಮೀಟರ್ ದಾರಿ ಸರಿ. ಲ್ಯಾಂಡ್‌ಸ್ಕೇಪ್ ಹಾಳೆಯಲ್ಲಿ ಶೇ 20 ಹಸಿರು. ಪ್ಲಂಬಿಂಗ್ ಹಾಳೆಯಲ್ಲಿ ಸಂಪು, ಇಂಗುಬಾವಿ. ಎಲೆಕ್ಟ್ರಿಕಲ್ ಹಾಳೆಯಲ್ಲಿ ಟ್ರಾನ್ಸ್‌ಫಾರ್ಮರ್, ಡಿಜಿ (ಡೀಸೆಲ್ ಜನರೇಟರ್). ತಕರಾರು ಎಲ್ಲಿದೆಯೆಂದರೆ, ಈ ಐದೂ ಹಾಳೆಗಳು ಬಳಸಿಕೊಂಡಿರುವುದು ಒಂದೇ ನೆಲವನ್ನು: ಕಟ್ಟಡಕ್ಕೂ ಕಾಂಪೌಂಡಿಗೂ ನಡುವಿನ ಆ ಪಟ್ಟಿ. ಆದ್ದರಿಂದ ನಾನು ಹಾಳೆ ಹಾಳೆಯಾಗಿ ಪರಿಶೀಲಿಸುವುದನ್ನು ಬಿಟ್ಟು, ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಾವ ನಿಯಮ ಎಂಬುದು. ಬೆಂಗಳೂರಿಗೆ 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ (ಆರ್‌ಎಂಪಿ-2015) ವಲಯ ನಿಯಮಾವಳಿ, ಪಾಲಿಕೆಯ 2003ರ ಕಟ್ಟಡ ಬೈಲಾ, ರಾಷ್ಟ್ರೀಯ ಕಟ್ಟಡ ಸಂಹಿತೆ (ಎನ್‌ಬಿಸಿ-2016), ಜಲಮಂಡಳಿಯ ಮಳೆನೀರು ನಿಯಮ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, ಇಷ್ಟು ಮೇಜಿನ ಮೇಲಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಅರ್ಜಿ ಯಾವ ಪಾಲಿಕೆಗೆ ಹೋಗುತ್ತದೆ ಎಂಬುದನ್ನು ಮೊದಲ ಪುಟದಲ್ಲೇ ಬರೆದುಕೊಳ್ಳುತ್ತೇನೆ. ಇನ್ನೊಂದು ಮಾತು: ಸೆಟ್‌ಬ್ಯಾಕ್, ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಕೋಷ್ಟಕಗಳಿಗೆ ಗೆಜೆಟ್ ತಿದ್ದುಪಡಿ ಬರುತ್ತಲೇ ಇರುತ್ತದೆ. ಕೆಳಗೆ ನಾನು ಕೊಟ್ಟಿರುವ ಸೆಟ್‌ಬ್ಯಾಕ್ ಅಂಕಿ ಮೂಲ ಕೋಷ್ಟಕದ್ದು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯದ ಪ್ರಿಂಟ್ ತೆಗೆದು, ದಿನಾಂಕ ಹಾಕಿ, ಕಡತದ ಮೇಲೇ ಇಟ್ಟುಕೊಳ್ಳಿ. ಹಳೇ ಪಿಡಿಎಫ್ ನಂಬಿ ಮಾಡಿದ ಪರಿಶೀಲನೆಗೆ ಮೂರು ಕಾಸಿನ ಬೆಲೆಯಿಲ್ಲ.

ಗಡಿಯಿಂದ ಶುರು ಮಾಡುತ್ತೇನೆ. ಕ್ರಯಪತ್ರದ ಚೆಕ್ಕುಬಂದಿ, ಖಾತೆಯ ಅಳತೆ, ಯಂತ್ರದಲ್ಲಿ ಅಳೆದ ಟೋಟಲ್ ಸ್ಟೇಷನ್ ಸರ್ವೆ ಮೂರನ್ನೂ ಪಕ್ಕಪಕ್ಕ ಬರೆದು, ಯಾವುದು ಕಡಿಮೆಯೋ ಅದನ್ನೇ ಹಿಡಿಯುತ್ತೇನೆ. ನಾಲ್ಕು ಬದಿ ಹೊಂದಿದರೆ ಸಾಲದು, ಎರಡು ಕರ್ಣಗಳೂ ಹೊಂದಬೇಕು. ಮೂಲೆ ಓರೆಯಾಗಿರುವ ಸೈಟಿನಲ್ಲಿ ಮುಂಭಾಗದಲ್ಲಿ 6 ಮೀಟರ್ ಇದ್ದದ್ದು ಹಿಂಭಾಗಕ್ಕೆ ಹೋಗುವಷ್ಟರಲ್ಲಿ 5.6 ಆಗಿರುತ್ತದೆ. ಅಡಿಯಿಂದ ಮೀಟರಿಗೆ ತಂದ ಲೆಕ್ಕವನ್ನೂ ಮರುಪರಿಶೀಲಿಸಿ. 40 ಅಡಿ ರಸ್ತೆ ಎಂದರೆ 12.19 ಮೀಟರ್. ಎಫ್‌ಎಆರ್ ರಸ್ತೆಯ ಅಗಲದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, 12 ಮೀಟರ್ ಅಂಥ ಒಂದು ಮೆಟ್ಟಿಲು. ಕಾಗದದಲ್ಲಿ 40 ಅಡಿ ರಸ್ತೆ ಇದ್ದು, ಟೇಪು ಹಿಡಿದರೆ ಒಂದು ಕಡೆ 11.7 ಬಂದರೆ ಇಡೀ ಯೋಜನೆಯ ಲೆಕ್ಕ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹಾಗಾಗಿ ಸೈಟಿನ ಎದುರು ಕನಿಷ್ಠ ಮೂರು ಜಾಗದಲ್ಲಿ, ಎದುರಿನ ಮನೆಯ ಕಾಂಪೌಂಡಿನಿಂದ ಈ ಕಾಂಪೌಂಡಿನವರೆಗೆ ಅಳೆಯುವುದು ವಾಡಿಕೆ. ಮಾಸ್ಟರ್ ಪ್ಲ್ಯಾನ್‌ನಲ್ಲಿ ರಸ್ತೆ ಅಗಲೀಕರಣದ ಗೆರೆ ಇದ್ದರೆ, ಬಿಟ್ಟುಕೊಡುವ ಭಾಗ ಕಳೆದ ಮೇಲೆ ಉಳಿಯುವ ಹೊಸ ಅಂಚಿನಿಂದ ಮುಂಭಾಗದ ಸೆಟ್‌ಬ್ಯಾಕ್ ಅಳೆಯಬೇಕು. ಈಗಿನ ಅಂಚಿನಿಂದ ಅಳೆದ ನಕ್ಷೆಗಳೇ ಹೆಚ್ಚು ಬರುತ್ತವೆ.

ವಲಯದ ವಿಷಯದಲ್ಲಿ ಒಂದು ಗೊಂದಲ ಸಾಯುವುದೇ ಇಲ್ಲ. "ಡಿಸಿ ಕನ್ವರ್ಷನ್ ಆಗಿದೆ ಸಾರ್, ಕಮರ್ಷಿಯಲ್" ಎಂದು ಆದೇಶದ ಪ್ರತಿ ಕೊಡುತ್ತಾರೆ. ಅದು 1964ರ ಭೂಕಂದಾಯ ಕಾಯ್ದೆಯ ಕಲಂ 95ರ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಮಾಡಿದ ಆದೇಶ. ಮಾಸ್ಟರ್ ಪ್ಲ್ಯಾನ್‌ನಲ್ಲಿ ಆ ಜಾಗ ಯಾವ ವಲಯದಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಬದಲಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14ಎ ಹಿಡಿದು ಹೋಗಬೇಕು. ಎರಡೂ ಕಾಗದ ಬೇಕು. ಸರ್ವೆ ನಂಬರಿನ ಮೇಲೆಯೇ ವಲಯದ ಗೆರೆ ಹಾದುಹೋಗಿದ್ದರೆ, ಗೆರೆಯ ಆಚೆ ಈಚೆ ಎಷ್ಟೆಷ್ಟು ಚದರ ಮೀಟರ್ ಎಂದು ನಕ್ಷೆಯಲ್ಲೇ ತೋರಿಸಲು ಹೇಳಿ.

ಆಮೇಲೆ ನೀರಿನ ದಾರಿ. ಸರ್ವೆಯಲ್ಲಿ ಕಾಣದ ಹಳ್ಳ ಹಳೇ ಗ್ರಾಮ ನಕ್ಷೆಯಲ್ಲಿ ಕಾಣುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ, ಗ್ರಾಮ ನಕ್ಷೆಯನ್ನೂ ತೆರೆದಿಟ್ಟುಕೊಂಡು, ಪಕ್ಕದ ನಾಲ್ಕು ಸರ್ವೆ ನಂಬರುಗಳ ಪಹಣಿಯಲ್ಲಿ ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ) ಎಷ್ಟಿದೆ ಎಂದು ನೋಡುತ್ತೇನೆ. ಆರ್‌ಎಂಪಿ-2015ರಲ್ಲಿ ಕೆರೆಯಂಚಿನಿಂದ 30 ಮೀಟರ್, ರಾಜಕಾಲುವೆಗೆ ದರ್ಜೆಯ ಪ್ರಕಾರ ಮಧ್ಯಗೆರೆಯಿಂದ 50, 25, 15 ಮೀಟರ್ ಮೀಸಲು ಪ್ರದೇಶ. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳ ರದ್ದು ಮಾಡಿತು. ಆ ನಡುವೆ ತಯಾರಾದ ಕೆಲವು ನಕ್ಷೆಗಳಲ್ಲಿ ಕಾಲುವೆಯ ಅಂಚಿನಿಂದ ಅಳತೆ ಇರುತ್ತದೆ, ಕೆಲವದರಲ್ಲಿ ಮಧ್ಯಗೆರೆಯಿಂದ. ಅಂಕಿ ನೋಡುವ ಮೊದಲು ಬಾಣದ ಗುರುತು ಎಲ್ಲಿಂದ ಹೊರಟಿದೆ ನೋಡಿ. ಕೆರೆಯ ಮೀಸಲು ಪ್ರದೇಶದ ಕಾನೂನಿಗೂ ಈಚೆಗೆ ತಿದ್ದುಪಡಿ ಆಗಿರುವುದರಿಂದ, ಕೆರೆ ಹತ್ತಿರವಿದ್ದರೆ ಇದನ್ನೂ ಅರ್ಜಿಯ ದಿನದ ಪಠ್ಯದಲ್ಲೇ ಓದಬೇಕು.

ಇಷ್ಟಾದ ಮೇಲೆ ಎತ್ತರ, ಸೆಟ್‌ಬ್ಯಾಕ್. ಎತ್ತರ 11.5 ಮೀಟರಿನ ಒಳಗಿದ್ದರೆ ಸೈಟಿನ ಅಗಲ, ಆಳದ ಮೇಲೆ ಸೆಟ್‌ಬ್ಯಾಕ್. ಅದನ್ನು ದಾಟಿದರೆ ನಾಲ್ಕೂ ಕಡೆ ಒಂದೇ ಅಳತೆ: 15 ಮೀಟರ್ ತನಕ 5, 18ರ ತನಕ 6, 21ರ ತನಕ 7, ಹೀಗೆ ಮೂರು ಮೀಟರಿಗೆ ಒಂದರಂತೆ ಏರುತ್ತ 30 ಮೀಟರಿಗೆ 10. ಈ ಮಿತಿಗಳ ಪಕ್ಕದಲ್ಲೇ ನಿಂತ ಎತ್ತರ ಕಂಡರೆ ಕಟ್ಟಡವನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ಹಾಳೆ ಬಿಚ್ಚಬೇಕು. 11.45, 14.95, 17.95 ಎಂದು ಬರೆದಿದ್ದರೆ ಯಾರೋ ಎಳೆದು ಕೂರಿಸಿದ್ದಾರೆಂದೇ ಅರ್ಥ. ಅದು ತಪ್ಪಲ್ಲ, ಆದರೆ ಅಳತೆ ಯಾವ ಮಟ್ಟದಿಂದ ಶುರುವಾಗಿದೆ, ನೆಲಮಹಡಿಯ ಪ್ಲಿಂತ್ ರಸ್ತೆಗಿಂತ ಎಷ್ಟು ಮೇಲಿದೆ, ಮೇಲಿನ ಸ್ಲ್ಯಾಬಿನ ದಪ್ಪ ಲೆಕ್ಕದಲ್ಲಿದೆಯೇ ಎಂದು ಕೂಡಿಸಿ ನೋಡಬೇಕು. ಐದು ಸೆಂಟಿಮೀಟರ್ ಉಳಿಸಿಕೊಂಡು ಮಂಜೂರಾದ ಕಟ್ಟಡ ಕಾಂಕ್ರೀಟ್ ಹಾಕುವಾಗ ಹತ್ತು ಸೆಂಟಿಮೀಟರ್ ಮೇಲೆ ಹೋಗುವುದು ದೊಡ್ಡ ವಿಷಯವೇನಲ್ಲ. ಹೋದರೆ ನಾಲ್ಕೂ ಕಡೆ ಒಂದು ಮೀಟರ್ ಕೊರತೆ.

ಈಗ ಅಸಲಿ ಕೆಲಸ. ಒಂದು ಲೆಕ್ಕ ಇಟ್ಟುಕೊಳ್ಳೋಣ. ಸೈಟು 40 ಮೀಟರ್ ಅಗಲ, 60 ಮೀಟರ್ ಆಳ, 2,400 ಚದರ ಮೀಟರ್. ಸಿಗುವ ಎಫ್‌ಎಆರ್ 2.25 ಎಂದಿಟ್ಟುಕೊಂಡರೆ 5,400 ಚದರ ಮೀಟರ್. ನೆಲಮಹಡಿ ಸೇರಿ ಐದು ಅಂತಸ್ತು, ತಲಾ 3.5 ಮೀಟರ್, ಒಟ್ಟು ಎತ್ತರ 17.5. ಆದ್ದರಿಂದ ಸೆಟ್‌ಬ್ಯಾಕ್ 6 ಮೀಟರ್. ಕಟ್ಟಡದ ತಳ 24 x 45, ಅಂದರೆ 1,080 ಚದರ ಮೀಟರ್. ಮುಂದೆ 9, ಹಿಂದೆ 6, ಎಡಕ್ಕೆ 6, ಬಲಕ್ಕೆ 10 ಮೀಟರ್ ಉಳಿಯುತ್ತದೆ. ಬಲಗಡೆ ಹೆಚ್ಚು ಬಿಟ್ಟಿರುವುದು ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪಿಗಾಗಿ; ಹೊರಗೆ ಬರುವ ರ‍್ಯಾಂಪ್ ಕಟ್ಟಡದ ಅಡಿಯಲ್ಲಿದೆ. ಪಾರ್ಕಿಂಗ್ 50 ಚದರ ಮೀಟರಿಗೆ ಒಂದು ಕಾರಿನಂತೆ 108. ಓಡಾಡುವ ದಾರಿ, ಕಂಬ ಎಲ್ಲ ಸೇರಿ ಒಂದು ಕಾರಿಗೆ 32 ಚದರ ಮೀಟರ್ ಹಿಡಿಯುವುದು ನನ್ನ ರೂಢಿ, ಹಾಗಾಗಿ ಸುಮಾರು 3,456 ಚದರ ಮೀಟರ್ ಬೇಕು. ಎರಡು ಬೇಸ್‌ಮೆಂಟ್, ಗಡಿಯಿಂದ 2 ಮೀಟರ್ ಒಳಗೆ, 36 x 56. ಎರಡೂ ಸೇರಿ 4,032. ಕಾಗದದ ಮೇಲೆ ಎಲ್ಲ ಸುಖವಾಗಿದೆ.

ಲ್ಯಾಂಡ್‌ಸ್ಕೇಪ್ ಹಾಳೆ ಹೇಳುವುದು: ಹಿಂದೆ 2 ಮೀಟರ್ ಪಟ್ಟಿ 80 ಚದರ ಮೀಟರ್, ಎಡಕ್ಕೆ 2 ಮೀಟರ್ ಪಟ್ಟಿ 110, ಬಲಕ್ಕೆ ರ‍್ಯಾಂಪ್ ಮುಗಿದ ಮೇಲೆ ಉಳಿದ 19 ಮೀಟರಿನಲ್ಲಿ 4 ಮೀಟರ್ ಅಗಲದ ತೋಟ 76, ಮುಂದೆ ಎರಡು ಗೇಟು ಬಿಟ್ಟು 28 ಮೀಟರ್ ಉದ್ದ 3 ಮೀಟರ್ ಅಗಲ, 84, ಜತೆಗೆ ಗ್ರಾಸ್ ಪೇವರ್ (ಸಂದಿಯಲ್ಲಿ ಹುಲ್ಲು ಬೆಳೆಯುವ ಹಾಸು) 130. ಕೂಡಿಸಿದರೆ 480. ಸರಿಯಾಗಿ ಶೇ 20.

ಇದರ ಮೇಲೆ ಒಂದು ಟ್ರೇಸಿಂಗ್ ಹಾಳೆ ಇಟ್ಟು ಕೆಂಪು ಪೆನ್ಸಿಲಿನಲ್ಲಿ ಫೈರ್ ಎಂಜಿನ್ ದಾರಿ ಎಳೆಯುತ್ತೇನೆ. ಎನ್‌ಬಿಸಿ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿ. ಅಗ್ನಿಶಾಮಕ ಇಲಾಖೆಯ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಎತ್ತರದ ಮಿತಿ ಬೇರೆ ಇದ್ದರೂ ನನ್ನ ಪರಿಶೀಲನೆಗೆ ಎನ್‌ಬಿಸಿಯೇ ಅಳತೆಗೋಲು, ಏಕೆಂದರೆ ಬೆಂಕಿ ಎನ್‌ಒಸಿ ಓದಿಕೊಂಡು ಬರುವುದಿಲ್ಲ. ಕಟ್ಟಡದ ಸುತ್ತ 6 ಮೀಟರ್ ದಾರಿ, ತಿರುವಿನಲ್ಲಿ 9 ಮೀಟರ್ ತ್ರಿಜ್ಯ, 45 ಟನ್ ಹೊರುವ ಗಟ್ಟಿ ನೆಲ, ಗೇಟು ಕನಿಷ್ಠ 6 ಮೀಟರ್, ಗೇಟಿನ ಮೇಲೆ ಕಮಾನು ಇದ್ದರೆ 4.5 ಮೀಟರ್ ತೆರವು. ಹಿಂದಿನ, ಎಡಗಡೆಯ 6 ಮೀಟರ್ ಪೂರ್ತಿ ಕೆಂಪಾಯಿತು. ಅಲ್ಲಿದ್ದ 80, 110 ಎರಡೂ ಹೋದವು. ಇದು ನಾನು ಎತ್ತಿ ತೋರಿಸುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು: ಸೆಟ್‌ಬ್ಯಾಕ್ 6, ದಾರಿ 6, ಆದರೂ ನಡುವೆ ಎರಡು ಮೀಟರ್ ತೋಟ.

ಗ್ರಾಸ್ ಪೇವರ್ 130 ನೀರು ಇಂಗುವ ಲೆಕ್ಕಕ್ಕೆ ಸರಿ, ನೆಡುವ ಜಾಗವಲ್ಲ. ಅದೂ ಫೈರ್ ದಾರಿಯ ಮೇಲಿದ್ದರೆ ಕೆಳಗಿನ ಸಬ್‌ಬೇಸ್‌ನ ವಿವರ ಕೇಳಿ. ಮನೆಯ ಅಂಗಳಕ್ಕೆ ಹಾಕುವ ತೆಳು ಪ್ಲಾಸ್ಟಿಕ್ ಗ್ರಿಡ್ ಕೆಳಗೆ ಹತ್ತು ಸೆಂಟಿಮೀಟರ್ ಮರಳು ತೋರಿಸಿ 45 ಟನ್ ಎಂದು ಷರಾ ಬರೆದಿದ್ದರೆ ನಂಬಬಾರದು. ಅಡಿಯಲ್ಲಿ ಬೇಸ್‌ಮೆಂಟಿನ ಸ್ಲ್ಯಾಬು ಇದ್ದರೆ ಸ್ಟ್ರಕ್ಚರಲ್ ಹಾಳೆಯಲ್ಲಿ ಆ ಪ್ಯಾನೆಲ್ಲಿಗೆ ಫೈರ್ ಎಂಜಿನ್ನಿನ ಭಾರ ನಮೂದಾಗಿರಬೇಕು.

ಎರಡನೇ ಟ್ರೇಸಿಂಗ್ ಹಾಳೆ ಎಲೆಕ್ಟ್ರಿಕಲ್, ನೀರಿನದ್ದು. ಬಲಗಡೆಯ 76ರಲ್ಲಿ ಟ್ರಾನ್ಸ್‌ಫಾರ್ಮರ್ ಯಾರ್ಡು, ಡಿಜಿ ಸೇರಿ 10 ಮೀಟರ್ ಉದ್ದ ತಿಂದವು, 40 ಚದರ ಮೀಟರ್. ಉಳಿದದ್ದು 36. ಮುಂದಿನ 84ರ ಅಡಿಯಲ್ಲಿ 12 x 3 ಮೀಟರಿನ ಫೈರ್ ಸಂಪು ಕೂತಿದೆ, ಉಳಿದದ್ದು 48. ಮೂರನೇ ಹಾಳೆ ಬೇಸ್‌ಮೆಂಟಿನ ಹೊರಗೆರೆ, ಕಂದು ಬಣ್ಣದ್ದು. ಅದು ಗಡಿಯಿಂದ 2 ಮೀಟರಿಗೆ ಬಂದು ನಿಂತಿದೆ. ಮುಂದಿನ 3 ಮೀಟರಿನಲ್ಲಿ 1 ಮೀಟರ್, ಬಲಗಡೆಯ 4ರಲ್ಲಿ 2 ಮೀಟರ್ ಸ್ಲ್ಯಾಬಿನ ಮೇಲೆ. ನಿಜವಾದ ಮಣ್ಣು ಮುಂದೆ 32, ಬಲಕ್ಕೆ 18.

480ರಲ್ಲಿ ಉಳಿದದ್ದು 50. ಶೇ 20 ಎಂದು ಬರೆದದ್ದು ಶೇ 2.

ನಕ್ಷೆ ಮಂಜೂರಾತಿಯ ಸಾಫ್ಟ್‌ವೇರ್ ಇದನ್ನು ಹಿಡಿಯುವುದಿಲ್ಲ. ಅದು ಓದುವುದು ಲೇಯರಿನ ಹೆಸರು, ಮುಚ್ಚಿದ ಪಾಲಿಗನ್ (ಗೆರೆ ಸುತ್ತುವರಿದ ಆಕೃತಿ). ಪಾಲಿಗನ್ನಿನ ಕೆಳಗೆ ಮಣ್ಣಿದೆಯೋ ಸಂಪಿದೆಯೋ ಅದಕ್ಕೆ ಬೇಕಿಲ್ಲ. ಕ್ಯಾಡ್ ಕಡತ ಸಿಕ್ಕರೆ ಟ್ರೇಸಿಂಗ್ ಹಾಳೆ ಬೇಕಾಗಿಲ್ಲ, ಎಲ್ಲ ಕಡತಗಳನ್ನೂ ಒಂದರಲ್ಲಿ ಎಕ್ಸ್‌ರೆಫ್ ಮಾಡಿ, ಅಂದರೆ ಒಂದರ ಮೇಲೊಂದು ಜೋಡಿಸಿ, ನೋಡಬಹುದು. ಆದರೆ ಮೊದಲು ಫ್ರೀಜ್ ಆದ (ಮರೆಮಾಡಿದ) ಲೇಯರುಗಳನ್ನೆಲ್ಲ ತೆರೆದು, ಮೂಲಬಿಂದು ಒಂದೇ ಇದೆಯೇ ಎಂದು ಒಂದು ಕಂಬದ ಮೇಲೆ ಖಾತ್ರಿ ಮಾಡಿಕೊಳ್ಳಿ. ಅರ್ಧ ಮೀಟರ್ ಜರುಗಿ ಕೂತ ಹಾಳೆಯ ಮೇಲೆ ತಪ್ಪು ಹುಡುಕಿ ಬರೆದರೆ ಮರ್ಯಾದೆ ಹೋಗುವುದು ನಮ್ಮದೇ. ಬರೆದ ಅಳತೆಯನ್ನು ನಂಬದೆ ಗೆರೆಯನ್ನೇ ಅಳೆಯಿರಿ. ಅಂಕಿಯನ್ನು ಕೈಯಲ್ಲಿ ತಿದ್ದಿ ಗೆರೆಯನ್ನು ಹಾಗೇ ಬಿಟ್ಟಿರುವುದು ಅಪರೂಪವಲ್ಲ.

ತಪ್ಪು ತೋರಿಸಿದರೆ ಸಾಲದು, ದಾರಿಯೂ ಹೇಳಬೇಕು. ಇದೇ ಲೆಕ್ಕದಲ್ಲಿ ಮೊದಲು ಹೊಳೆಯುವ ಉಪಾಯ ತಳ ಕಿರಿದು ಮಾಡಿ ಇನ್ನೊಂದು ಅಂತಸ್ತು ಏರಿಸುವುದು. ಏರಿಸಿದರೆ ಎತ್ತರ 21 ಮೀಟರ್, ಸೆಟ್‌ಬ್ಯಾಕ್ 7. ಫೈರ್ ದಾರಿ ಕಳೆದು ಸುತ್ತ ಒಂದು ಮೀಟರ್ ಪಟ್ಟಿ ಸಿಗುತ್ತದೆ. ಒಂದು ಮೀಟರಿನಲ್ಲಿ ಬೇಲಿ ಗಿಡ ಬರುತ್ತದೆ, ಮರ ಬರುವುದಿಲ್ಲ. ನಾನು ಸೂಚಿಸುವುದು ಬೇರೆ: ಒಳಹೋಗುವ ರ‍್ಯಾಂಪನ್ನೂ ಕಟ್ಟಡದ ಅಡಿಗೆ ತಳ್ಳಿ, ಬಲಗಡೆ ಬೇಸ್‌ಮೆಂಟ್ ಗೋಡೆಯನ್ನು 2ರಿಂದ 4 ಮೀಟರಿಗೆ ಹಿಂದೆಳೆಯಿರಿ. ಆಗ 6 ಮೀಟರ್ ದಾರಿ ಬಿಟ್ಟು 4 ಮೀಟರ್ ಅಗಲದ, ಟ್ರಾನ್ಸ್‌ಫಾರ್ಮರ್ ಯಾರ್ಡು ಕಳೆದು 45 ಮೀಟರ್ ಉದ್ದದ, ಅಡಿಯಲ್ಲಿ ಏನೂ ಇಲ್ಲದ ನೆಲ ಒಂದೇ ಕಡೆ ಸಿಗುತ್ತದೆ: 180 ಚದರ ಮೀಟರ್. ಬೇಸ್‌ಮೆಂಟಿನಲ್ಲಿ ಕಳೆದುಕೊಳ್ಳುವುದು ಗೋಡೆ ಸರಿದದ್ದಕ್ಕೆ ಎರಡು ಹಂತದಲ್ಲಿ 224, ರ‍್ಯಾಂಪಿಗೆ 288. 4,032ರಲ್ಲಿ ಕಳೆದರೆ 3,520, ಅಂದರೆ 110 ಕಾರು. ಬೇಕಾದದ್ದು 108. ಎರಡೇ ಕಾರಿನ ಉಳಿಕೆ, ಆದ್ದರಿಂದ ಪಂಪ್ ರೂಮು, ಎಲೆಕ್ಟ್ರಿಕಲ್ ರೂಮು ಎಲ್ಲಿವೆ ಎಂದು ಮತ್ತೆ ಎಣಿಸಬೇಕು. ಅವು ಬೇಸ್‌ಮೆಂಟಿನಲ್ಲೇ ಇದ್ದರೆ ನಾಲ್ಕೈದು ಕಾರು ಸ್ಟ್ಯಾಕ್ ಪಾರ್ಕಿಂಗಿಗೆ (ಒಂದರ ಮೇಲೊಂದು ನಿಲ್ಲಿಸುವುದಕ್ಕೆ) ಹೋಗುತ್ತದೆ. ಬಾಡಿಗೆಗೆ ಹೋಗುವ ಒಂದು ಚದರ ಮೀಟರೂ ಕಳೆದುಹೋಗದ್ದರಿಂದ ಮಾಲೀಕರು ಒಪ್ಪುವ ಸಾಧ್ಯತೆ ಹೆಚ್ಚು.

ಮರದ ಎಣಿಕೆಗೆ ಬರೋಣ. ಪಾಲಿಕೆಯ ಮಂಜೂರಾತಿ ಪತ್ರದ ಷರತ್ತುಗಳಲ್ಲಿ ಒಂದು ಹೀಗಿರುತ್ತದೆ: 180ರಿಂದ 240 ಚದರ ಮೀಟರ್ ಸೈಟಿಗೆ ಒಂದು ಮರ, 240 ಮೀರಿದರೆ ಕನಿಷ್ಠ ಎರಡು, ಅಪಾರ್ಟ್‌ಮೆಂಟ್, ಡೆವಲಪ್‌ಮೆಂಟ್ ಪ್ಲ್ಯಾನ್‌ನಂಥವಕ್ಕೆ ಎಫ್‌ಎಆರ್ ವಿಸ್ತೀರ್ಣದ ಪ್ರತಿ 240 ಚದರ ಮೀಟರಿಗೆ ಒಂದು. ನಮ್ಮ ಕಟ್ಟಡಕ್ಕೆ ಕನಿಷ್ಠ ಎಂದು ಹಿಡಿದರೆ ಎರಡು ಮರ; 240ರ ಲೆಕ್ಕ ಹಿಡಿದರೆ 23. ನಿರ್ಮಿತ ಪ್ರದೇಶ 20,000 ಚದರ ಮೀಟರ್ ದಾಟಿದ ಯೋಜನೆಗಳ ಪರಿಸರ ಅನುಮತಿಯಲ್ಲಿ 80 ಚದರ ಮೀಟರ್ ನೆಲಕ್ಕೆ ಒಂದು ಮರ ಎಂಬ ಷರತ್ತಿರುತ್ತದೆ. ಅದು ಇದಕ್ಕೆ ಅನ್ವಯಿಸುವುದಿಲ್ಲ, ಅನ್ವಯಿಸಿದರೆ 30. ನಾನು ಮೂರು ಅಂಕಿಯನ್ನೂ ಬರೆದು, ಯಾವುದು ಕಡ್ಡಾಯ, ಯಾವುದು ನನ್ನ ಸಲಹೆ ಎಂದು ಬೇರೆ ಮಾಡಿ ತೋರಿಸುತ್ತೇನೆ. ಸಲಹೆಯನ್ನು ನಿಯಮದ ವೇಷದಲ್ಲಿ ಬರೆಯುವ ಪರಿಶೀಲಕರನ್ನು ಆರ್ಕಿಟೆಕ್ಟ್‌ಗಳು ಎರಡನೇ ಸಲ ನಂಬುವುದಿಲ್ಲ.

ಎಣಿಕೆ ಸರಿಬಂದರೂ ಮರ ಯಾವುದು ಎಂದು ನೋಡಿ. ಗಿಡಗಳ ಪಟ್ಟಿಯಲ್ಲಿ ಕಂಬದ ಅಶೋಕ 12, ರಾಯಲ್ ಪಾಮ್ 8, ಅಡಿಕೆ ಪಾಮ್ 20 ಎಂದಿದ್ದರೆ ಅದು ಅಲಂಕಾರ, ನೆರಳಲ್ಲ. ಕಾರು ನಿಲ್ಲುವ ಕಡೆ ನೇರಳೆ ಹಾಕಿದರೆ ಎರಡನೇ ಹಣ್ಣಿನ ಕಾಲಕ್ಕೆ ಬಾಡಿಗೆದಾರರೇ ಕೊಂಬೆ ಕತ್ತರಿಸುತ್ತಾರೆ. ಗುಲ್‌ಮೊಹರ್, ನೀರುಕಾಯಿ ಮರಗಳ ಕೊಂಬೆ ಏಪ್ರಿಲ್, ಮೇ ಗಾಳಿಮಳೆಗೆ ಮುರಿಯುತ್ತದೆ. ಕಿರಿದಾದ ಸೆಟ್‌ಬ್ಯಾಕಿನಲ್ಲಿ ಬೇಡ. ಹೊಂಗೆ ಬೆಂಗಳೂರಿಗೆ ಹೇಳಿ ಮಾಡಿಸಿದ್ದು, ಕಾಯಿ ಹೂ ಉದುರುವ ಕಸ ಗುಡಿಸಬೇಕು ಅಷ್ಟೆ. ಹೊಳೆ ದಾಸವಾಳ, ಬೇವು ಕೂಡ ಒಳ್ಳೆಯವು. ಅಂತರ ಹೊಂಗೆಗೆ 7 ಮೀಟರಿಗಿಂತ ಕಡಿಮೆ ಕೊಡಬೇಡಿ. 45 ಮೀಟರ್ ಪಟ್ಟಿಯಲ್ಲಿ ಆರು ಹೊಂಗೆ, ಮುಂದೆ ಮೂರು. ಉಳಿದವು ಸಣ್ಣ ಜಾತಿ, ಅವುಗಳಲ್ಲಿ ಒಂದಷ್ಟು ಸ್ಲ್ಯಾಬಿನ ಮೇಲೆ. 2 ಮೀಟರ್ ಅಂತರದಲ್ಲಿ ಚುಕ್ಕಿ ಇಟ್ಟು 23 ತೋರಿಸುವುದಕ್ಕಿಂತ ಇದು ಪ್ರಾಮಾಣಿಕ.

ಗುಂಡಿಯ ವಿವರದಲ್ಲಿ 1 x 1 x 1 ಮೀಟರ್ ಎಂದಿರುತ್ತದೆ. ಸುತ್ತ ಹೊಸ ಮಣ್ಣು ಅದುಮಿ ರೋಲರ್ ಹೊಡೆದ ನೆಲವಿದ್ದರೆ ಬೇರು ಆ ಒಂದು ಘನ ಮೀಟರಿನಲ್ಲೇ ಸುತ್ತಿಕೊಳ್ಳುತ್ತದೆ, ಮೂರು ವರ್ಷ ಚೆನ್ನಾಗಿದ್ದು ಆಮೇಲೆ ನಿಂತುಬಿಡುತ್ತದೆ. ಬಿಡಿ ಗುಂಡಿಯ ಬದಲು ಉದ್ದ ಕಾಲುವೆ ತೋಡಲು ಹೇಳಿ. 20 ಮೀಟರ್ ಉದ್ದ, 1.5 ಮೀಟರ್ ಅಗಲ, 1 ಮೀಟರ್ ಆಳ ಎಂದರೆ 30 ಘನ ಮೀಟರ್. ಮೂರು ಮರಕ್ಕೆ ತಲಾ ಹತ್ತು. ಸೈಟಿನ ಮೇಲ್ಮಣ್ಣನ್ನೇ ಬಳಸಬಹುದು, ಆದರೆ ಬೇಸ್‌ಮೆಂಟ್ ಅಗೆಯುವ ಮೊದಲೇ ಮೇಲಿನ 20 ಸೆಂಟಿಮೀಟರ್ ತೆಗೆದು ರಾಶಿ ಹಾಕಿಸಿ ಮುಚ್ಚಿಡಬೇಕು. ಟಿಪ್ಪರ್ ಹೊರಟುಹೋದ ಮೇಲೆ ನೆನಪಾದರೆ ಕೆಂಪು ಮಣ್ಣು ಕೊಂಡು ತರುವುದೇ ಗತಿ.

ಸ್ಲ್ಯಾಬಿನ ಮೇಲೆ ನೆಡುವುದಾದರೆ ಹುಲ್ಲಿಗೆ 25-30 ಸೆಂಟಿಮೀಟರ್, ಪೊದೆಗೆ 45-60, ಸಣ್ಣ ಮರಕ್ಕೆ 90, ದೊಡ್ಡದಕ್ಕೆ 1.2 ಮೀಟರಿಗೆ ಕಡಿಮೆಯಿಲ್ಲದ ಮಣ್ಣು ಬೇಕು. ನೀರು ಕುಡಿದ ಮಣ್ಣು ಘನ ಮೀಟರಿಗೆ ಎರಡು ಟನ್ ಹತ್ತಿರ ತೂಗುತ್ತದೆ. 1.2 ಮೀಟರ್ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 2.4 ಟನ್, ಮರದ ತೂಕ ಬೇರೆ. ಲ್ಯಾಂಡ್‌ಸ್ಕೇಪ್ ಹಾಳೆಯಲ್ಲಿ 1.2 ಮೀಟರ್ ಇದ್ದು ಸ್ಟ್ರಕ್ಚರಲ್ ಹಾಳೆಯಲ್ಲಿ ಆ ಜಾಗಕ್ಕೆ ಅಷ್ಟು ಭಾರ ಹಿಡಿದಿಲ್ಲವಾದರೆ, ನಿರ್ಮಾಣದ ಹೊತ್ತಿಗೆ ಮಣ್ಣೇ 30 ಸೆಂಟಿಮೀಟರಿಗೆ ಇಳಿಯುತ್ತದೆ. ಇನ್ನು ಮಟ್ಟ: 1.2 ಮೀಟರ್ ಮಣ್ಣು ದಾರಿಯ ಮಟ್ಟಕ್ಕೆ ಸಮನಾಗಿ ಬರಬೇಕಾದರೆ ಸ್ಲ್ಯಾಬನ್ನು ಅಷ್ಟು ಕೆಳಗೆ ಇಳಿಸಬೇಕು. ಇಳಿಸಿದರೆ ಕೆಳಗಿನ ಬೇಸ್‌ಮೆಂಟಿನಲ್ಲಿ ಕಾರಿನ ಮೇಲೆ ಎಷ್ಟು ಎತ್ತರ ಉಳಿಯುತ್ತದೆ? ಬೀಮ್, ಸ್ಪ್ರಿಂಕ್ಲರ್ ಪೈಪು, ಡಕ್ಟ್ ಕಳೆದು ನೋಡಿ. ಇಳಿಸದಿದ್ದರೆ 1.2 ಮೀಟರ್ ಎತ್ತರದ ತೊಟ್ಟಿ ಕಟ್ಟಬೇಕು, ಅದು ಫೈರ್ ದಾರಿಯ ಅಗಲ ತಿನ್ನಬಾರದು. ವಾಟರ್‌ಪ್ರೂಫಿಂಗ್ ಮೇಲೆ ಬೇರುತಡೆ ಪದರ, ನೀರು ಹರಿಸುವ ಡ್ರೈನ್ ಸೆಲ್, ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಈ ಕ್ರಮದಲ್ಲಿ ಇರಬೇಕು. ನೀರು ಹೊರಹೋಗುವ ಬಾಯಿ ಎಲ್ಲಿ ಎಂದು ತೋರಿಸದ ಸೆಕ್ಷನ್ ವಾಪಸ್.

ಮಳೆನೀರಿಗೆ ಚಾವಣಿಯ ಚದರ ಮೀಟರಿಗೆ 60 ಲೀಟರ್, ಹಾಸು ನೆಲಕ್ಕೆ 30 ಲೀಟರ್. ಚಾವಣಿ 1,080 ಎಂದರೆ 64,800. ಮೊದಲ ನಕ್ಷೆಯ 2,400ರಲ್ಲಿ ಕಟ್ಟಡದ 1,080, ಉಳಿದ ತೋಟದ 36, 48 ಕಳೆದರೆ ಹಾಸು ನೆಲ 1,236, ಅಂದರೆ 37,080. ಹೆಚ್ಚುಕಡಿಮೆ 1,02,000 ಲೀಟರ್. ಮೂರು ಮೀಟರ್ ಆಳದ ತೊಟ್ಟಿಯಾದರೂ 34 ಚದರ ಮೀಟರ್ ನೆಲ ಬೇಕು, ಮತ್ತೆ ಅದೇ ಪಟ್ಟಿಯಲ್ಲಿ. ಅದನ್ನು ಕೆಳ ಬೇಸ್‌ಮೆಂಟಿನ ಅಡಿಗೆ ಹಾಕಬಹುದು. ಇಂಗುಬಾವಿಯನ್ನು ಮಾತ್ರ ಬೇಸ್‌ಮೆಂಟ್ ಗೋಡೆಗೆ ಅಂಟಿಕೊಂಡ 2 ಮೀಟರ್ ಪಟ್ಟಿಯಲ್ಲಿ ತೋರಿಸಿದ್ದರೆ ಸರಿಸಲೇಬೇಕು. ಗೋಡೆ ಏಳೆಂಟು ಮೀಟರ್ ಆಳವಿದ್ದು ಬಾವಿ ಮೂರು ಮೀಟರ್ ಇದ್ದರೆ, ಇಂಗಿದ ನೀರು ಹುಡುಕಿಕೊಂಡು ಹೋಗುವುದು ಬೇಸ್‌ಮೆಂಟಿನ ಕೀಲುಗಳಿಗೆ. ಬಾವಿಯ ತಳ ಬೇಸ್‌ಮೆಂಟ್ ತಳಕ್ಕಿಂತ ಕೆಳಗಿರಬೇಕು, ಮೇಲ್ಭಾಗದ ಉಂಗುರಗಳಿಗೆ ತೂತು ಇರಬಾರದು.

ಗೇಟಿನ ವಿಷಯ ಸಣ್ಣದಾಗಿ ಕಾಣುತ್ತದೆ, ತಿಂಗಳುಗಟ್ಟಲೆ ನಿಲ್ಲಿಸುವುದೂ ಅದೇ. ಫುಟ್‌ಪಾತಿನಲ್ಲಿರುವ ಮರಗಳನ್ನು ಸರ್ವೆಯಲ್ಲಿ ತೋರಿಸುವುದು ಕಡಿಮೆ. ಕಟ್ಟಡದ ನಕ್ಷೆ ಸೈಟಿನ ಗಡಿಗೆ ಮುಗಿದುಬಿಡುತ್ತದೆ. ಆಮೇಲೆ ನೋಡಿದರೆ ಗೇಟಿನ ನಡುವೆ ಹಳೇ ಮಳೆಮರ. ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸಿಗುತ್ತದೆಂದು ಕೂರುವಂತಿಲ್ಲ. ನಾನು ಸೈಟಿನ ಎದುರಿನ ಪ್ರತಿ ಮರಕ್ಕೂ ಜಾತಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ, ಗಡಿಯ ಮೂಲೆಯಿಂದ ದೂರ ಬರೆಸಿ ನಕ್ಷೆಗೆ ಸೇರಿಸಿದ ಮೇಲೆಯೇ ಗೇಟಿನ ಜಾಗ ಒಪ್ಪುವುದು. ಎರಡು ಮೀಟರ್ ಸರಿಸಿದರೆ ಮುಗಿಯುವ ಕೆಲಸ ನಕ್ಷೆಯ ಹಂತದಲ್ಲಿ ಐದು ನಿಮಿಷದ್ದು. ಮೇಲೆ 11 ಕೆವಿ ತಂತಿ ಇದ್ದರೆ ಕಟ್ಟಡಕ್ಕೆ ಪಕ್ಕದಿಂದ 1.2 ಮೀಟರ್, 33 ಕೆವಿಗೆ 2 ಮೀಟರ್ ತೆರವು. ತಂತಿಯ ಕೆಳಗೆ ಎತ್ತರ ಹೋಗುವ ಮರ ಹಾಕಿದರೆ ವರ್ಷ ವರ್ಷ ಬೆಸ್ಕಾಂನವರ ಕತ್ತಿಯೇ ಅದರ ಆಕಾರ ನಿರ್ಧರಿಸುತ್ತದೆ. ಗೇಟಿನ ಇಳಿಜಾರು ಸೈಟಿನ ಒಳಗೆ ಶುರುವಾಗಬೇಕು, ಫುಟ್‌ಪಾತನ್ನು ಕತ್ತರಿಸಿ ಅಲ್ಲ. ಅಂಗವಿಕಲರ ಕಾರಿಗೆ 3.6 x 5 ಮೀಟರ್ ಜಾಗ ಬಾಗಿಲಿನಿಂದ 30 ಮೀಟರಿನೊಳಗೆ, ಒಳದಾರಿಯ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು.

ಟಿಪ್ಪಣಿ ಬರೆಯುವ ಬಗೆಯೂ ಒಂದು ಕಸುಬು. "ಲ್ಯಾಂಡ್‌ಸ್ಕೇಪ್ ನಿಯಮದಂತೆ ಇಲ್ಲ, ಸರಿಪಡಿಸಿ" ಎಂದು ಬರೆದರೆ ಅದೇ ನಕ್ಷೆ ತಾರೀಕು ಬದಲಿಸಿಕೊಂಡು ವಾಪಸ್ ಬರುತ್ತದೆ. ನಾನು ಬರೆಯುವುದು ಹೀಗೆ: "ಹಾಳೆ ಎಲ್-02, ಗ್ರಿಡ್ ಎ-1ರಿಂದ ಎ-7, ಎಡ ಸೆಟ್‌ಬ್ಯಾಕ್. ಇರುವುದು 6.00 ಮೀ.; ಫೈರ್ ಹಾಳೆ ಎಫ್-01 ಪ್ರಕಾರ ದಾರಿ 6.00 ಮೀ.; ಅದರಲ್ಲೇ 2.00 ಮೀ. ನೆಡುವ ಪಟ್ಟಿ ತೋರಿಸಿದೆ. ಪಟ್ಟಿಯನ್ನು ತೆಗೆದು, ಹಸಿರು ವಿಸ್ತೀರ್ಣದಿಂದ 110 ಚ.ಮೀ. ಕಳೆದು, ಕೋಷ್ಟಕ ತಿದ್ದಿ. ಕಡ್ಡಾಯ." ಹಾಳೆ, ಜಾಗ, ಇರುವುದು, ಬೇಕಾದದ್ದು, ಮಾಡಬೇಕಾದದ್ದು, ಕಡ್ಡಾಯವೋ ಸಲಹೆಯೋ. ಎರಡನೇ ಸುತ್ತಿನಲ್ಲಿ ಹೊಸ ತಕರಾರು ತೆಗೆಯದಿರುವುದು ನನ್ನ ಪಾಲಿಗೆ ನಿಯಮ, ನಕ್ಷೆಯೇ ಬದಲಾಗಿದ್ದರೆ ಮಾತ್ರ ಬೇರೆ ಮಾತು.

ಕೊನೆಯ ಸುತ್ತು ಒಸಿಗೆ (ಸ್ವಾಧೀನಾನುಭವ ಪತ್ರಕ್ಕೆ) ಮುಂಚೆ, ಸೈಟಿನಲ್ಲಿ. 2003ರ ಬೈಲಾದಲ್ಲಿ ಸೆಟ್‌ಬ್ಯಾಕ್, ಎಫ್‌ಎಆರ್ ವ್ಯತ್ಯಾಸಕ್ಕೆ ಶೇ 5ರ ಸಡಿಲಿಕೆ ಇದೆ. 6 ಮೀಟರಿಗೆ 30 ಸೆಂಟಿಮೀಟರ್. ಗೋಡೆಯ ಪ್ಲಾಸ್ಟರು, ಕಲ್ಲಿನ ಹೊದಿಕೆ, ಎಸಿಪಿ (ಅಲ್ಯೂಮಿನಿಯಂ ಹಲಗೆ) ಚೌಕಟ್ಟು ಸೇರಿದರೆ ಅದು ಅಲ್ಲೇ ಮುಗಿದಿರುತ್ತದೆ, ಆದ್ದರಿಂದ ಹೊದಿಕೆಯ ಹೊರಮುಖದಿಂದಲೇ ಅಳೆಯಿರಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಸಿ ಇಲ್ಲದೆ ಕಾಯಂ ವಿದ್ಯುತ್, ನೀರಿನ ಸಂಪರ್ಕ ಸಿಗದ ಕಾರಣ ಈ ಕೊನೆಯ ಪರಿಶೀಲನೆಗೆ ಈಗ ಹಿಂದಿಗಿಂತ ಬೆಲೆ ಬಂದಿದೆ. ಹಸಿರಿನ ಮಟ್ಟಿಗೆ ಬೇಕಾದದ್ದು ಒಂದು ಟೇಪು, ಒಂದೂವರೆ ಮೀಟರ್ ಉದ್ದದ 12 ಎಂಎಂ ಸರಳು, ಅದನ್ನು ಹೊಡೆಯಲು ಒಂದು ಸುತ್ತಿಗೆ. ತಪಾಸಣೆಗೆಂದು ಹಿಂದಿನ ರಾತ್ರಿ ಬಂದ ಗಿಡಗಳು ಕಪ್ಪು ನರ್ಸರಿ ಬ್ಯಾಗಿನ ಸಮೇತ ಮಣ್ಣಿನಲ್ಲಿ ಕೂತಿರುತ್ತವೆ, ಬುಡ ಹಿಡಿದು ಅಲ್ಲಾಡಿಸಿದರೆ ಬ್ಯಾಗಿನ ಅಂಚು ಮೇಲೆ ಬರುತ್ತದೆ. ದೊಡ್ಡ ಮರ ಎಂದು ತೋರಿಸಿದ ಕಡೆಯಲ್ಲೆಲ್ಲ, ಬೇರಿನ ಉಂಡೆಯಿಂದ ಅರ್ಧ ಮೀಟರ್ ಆಚೆ ಸರಳು ಇಳಿಸಿ. ಆದರೆ ಮೊದಲು ಸರ್ವಿಸ್ ಹಾಳೆಯಲ್ಲಿ ಕೇಬಲ್ ಎಲ್ಲಿ ಹಾದಿದೆ ಎಂದು ನೋಡಿಕೊಂಡು. ಹಾಳೆಯ ಪ್ರಕಾರ ಅಡಿಯಲ್ಲಿ ಸ್ಲ್ಯಾಬು ಇರುವ ಕಡೆ 90 ಸೆಂಟಿಮೀಟರಿಗೆ ನಿಲ್ಲಿಸಿಬಿಡಿ, ವಾಟರ್‌ಪ್ರೂಫಿಂಗ್‌ಗೆ ತೂತು ಬಿದ್ದರೆ ಹೊಣೆ ನಿಮ್ಮದು. ನೈಸರ್ಗಿಕ ಮಣ್ಣು ಎಂದು ತೋರಿಸಿದ ಕಡೆ 30 ಸೆಂಟಿಮೀಟರಿಗೇ ಠಣ್ ಎಂದರೆ, ಪಕ್ಕದಲ್ಲಿ ಇನ್ನೆರಡು ಕಡೆ ಹೊಡೆದು, ಮೂರರ ಆಳವನ್ನೂ ಗ್ರಿಡ್ ಸಮೇತ ಹಾಳೆಯ ಮೇಲೆ ಬರೆದು, ಟೇಪು ಕಾಣುವಂತೆ ಫೋಟೊ ತೆಗೆದುಕೊಳ್ಳಿ.